ಈಚಲ ಬೆಲ್ಲದ ಹರಕೆ

ಕನ್ನೊಳ್ಳಿ ದಾಟಿ ಇಂಡಿಯ ಕಡೆಗೆ ಹೊರಳುವ ಹಾದಿಯಲ್ಲಿ, ಹಳ್ಳದ ಎರಡೂ ದಂಡೆಗೆ ಈಚಲ ಗಿಡಗಳು ಒತ್ತಾಗಿ ಬೆಳೆದ ಒಂದು ಊರಿತ್ತು. ಆ ಊರಿನವರಿಗೆ ಸಿಹಿ ಅಂದರೆ ಈಚಲ ಬೆಲ್ಲ. ಮಿಕ್ಕ ಸಿಹಿಯೆಲ್ಲ ಹೊಟ್ಟೆ ತುಂಬಿಸಿಕೊಳ್ಳುವುದಕ್ಕೆ. ಕಬ್ಬಿನ ಬೆಲ್ಲದ ಹೋಳಿಗೆ ಬಡಿಸಿದರೆ ಬೀಗರು ಮುಖ ಸಣ್ಣದು ಮಾಡಿಕೊಂಡು ಏಳುತ್ತಿದ್ದರು. ಗೋಧಿ ಹುಗ್ಗಿಗೆ, ಎಳ್ಳಿನ ಹೋಳಿಗೆಗೆ, ಬಾಣಂತಿಯ ಅಂಟಿನುಂಡೆಗೆ, ಮೊಹರಮ್ಮಿನ ಚೋಂಗೆಗೆ, ಎಲ್ಲದಕ್ಕೂ ಅದೇ ಬೇಕು. ಕಪ್ಪು ಬಣ್ಣ, ತುಸು ಹೊಗೆಯ ವಾಸನೆ. ನಾಲಿಗೆಯ ಮೇಲಿಟ್ಟರೆ ಅಗಿಯುವ ಕೆಲಸವೇ ಇಲ್ಲ, ತಾನಾಗಿ ಕರಗಿ ಗಂಟಲಿಗೆ ಇಳಿಯುತ್ತಿತ್ತು. ಅದನ್ನು ಕಾಯಿಸುತ್ತಿದ್ದವನು ಬಂದೇನವಾಜ. ಸಿಂದಗಿಯ ಪೇಟೆಯಲ್ಲಿ ಅವನ ಬೆಲ್ಲದ ಗಂಟು ಬಿಚ್ಚಿದರೆ ಮತ್ತೆ ಕಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ತಾಳಿಕೋಟೆಯಿಂದಲೂ ಜನ ಬಸ್ಸು ಹತ್ತಿ ಬಂದು ಒಯ್ಯುತ್ತಿದ್ದರು. ಇಷ್ಟು ಹೆಸರು ಮಾಡಿದ ಆ ಮನುಷ್ಯ ತಾನು ಕಾಯಿಸಿದ ಬೆಲ್ಲವನ್ನು ಒಂದು ಸಲವೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಹಾಕಿಕೊಳ್ಳುವ ಹಾಗಿರಲಿಲ್ಲ. ತಾಯಿ ಖಾತುನಬಿಯ ಹರಕೆ ಅಡ್ಡ ನಿಂತಿತ್ತು.

ಬಂದೇನವಾಜನಿಗಿಂತ ಮೊದಲು ಖಾತುನಬಿಗೆ ಮಕ್ಕಳು ದಕ್ಕಿರಲಿಲ್ಲ. ಹುಟ್ಟಿದವು ತೊಟ್ಟಿಲು ದಾಟಲಿಲ್ಲ. ಕಲಬುರ್ಗಿಯ ಬಂದೇನವಾಜರ ದರ್ಗಾಕ್ಕೆ ಹೋಗಿ ಸೆರಗೊಡ್ಡಿ ಬೇಡಿಕೊಂಡ ಮೇಲೆ ಉಳಿದವನು ಇವನೊಬ್ಬ, ಅದಕ್ಕೇ ಆ ಹೆಸರು. ಹುಡುಗನಿಗೆ ನೆಟ್ಟಗೆ ಮಾತು ಬರುವ ಮೊದಲೇ ಈಚಲ ಬೆಲ್ಲದ ಹುಚ್ಚು ಹತ್ತಿತು. ಚಳಿಗಾಲದಲ್ಲಿ ಅಜ್ಜ ಹಿತ್ತಿಲ ಒಲೆಯ ಮೇಲೆ ಮನೆಯ ಮಟ್ಟಿಗೆ ಬೆಲ್ಲ ಕಾಯಿಸುತ್ತಿದ್ದ. ಕಡಾಯಿಯ ಬಳಿ ಕೂತ ಹುಡುಗನನ್ನು ಎತ್ತಿಕೊಂಡು ಒಳಗೆ ತರಬೇಕಾದರೆ ಖಾತುನಬಿಗೆ ಸಾಕುಸಾಕಾಗುತ್ತಿತ್ತು. ಉಣ್ಣು ಅಂದರೆ ಬೆಲ್ಲ, ಮಲಗು ಅಂದರೆ ಬೆಲ್ಲ. ಗದರಿಸಿದರೆ ಅಜ್ಜನ ಬೆನ್ನ ಹಿಂದೆ ಅಡಗಿ, ಅಲ್ಲಿಂದಲೇ ಕೈ ಚಾಚುತ್ತಿದ್ದ.

ಅಂಥ ಹುಡುಗ ಒಂದು ಮೊಹರಮ್ಮಿನ ಹೊತ್ತಿಗೆ ಜ್ವರ ಬಂದು ಮಲಗಿದ. ತಂದೆ ದಸ್ತಗೀರಸಾಬ ಸಿಂದಗಿಯಿಂದ ಔಷಧ ತಂದ, ಹಕೀಮನನ್ನು ಕರೆತಂದ. ಜ್ವರ ಇಳಿಯಲಿಲ್ಲ. ಹುಡುಗ ಬೆಲ್ಲ ಕೇಳುವುದನ್ನು ಬಿಟ್ಟಾಗ ಖಾತುನಬಿಯ ಎದೆ ಒಡೆಯಿತು. ದೇವರು ಹೊಳೆಗೆ ಹೋಗುವ ಹತ್ತನೆಯ ದಿನ ಮಧ್ಯಾಹ್ನ, ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಆಕೆ ಮಸೂತಿಯ ಮುಂದಿನ ಅಲಾಯಿ ಕುಣಿಗೆ ಓಡಿದಳು. ಮೊಹರಮ್ಮಿನ ಬೆಂಕಿ ಉರಿಯುವ ಆ ಕುಣಿಯ ಮುಂದೆ ನಿಂತು ಹರಕೆ ಹೊರುವುದು ಆ ಊರಿನ ರೂಢಿ. ಹಿಂದೂ ಮುಸಲ್ಮಾನ ಎಂಬ ಭೇದ ಅದಕ್ಕಿರಲಿಲ್ಲ. ನಿನಗೆ ಪ್ರೀತಿಯದನ್ನು ಬಿಡು, ಬೇಡಿದ್ದನ್ನು ಪಡೆ, ಇಷ್ಟೇ ಅದರ ಕಟ್ಟಳೆ. ಒಬ್ಬ ಎಲೆ ಅಡಿಕೆ ಬಿಟ್ಟಿದ್ದ, ಒಬ್ಬಳು ಹಸಿರು ಸೀರೆ ಬಿಟ್ಟಿದ್ದಳು. ಯಾರು ಏನು ಬಿಟ್ಟರೂ ಬಿಟ್ಟದ್ದು ತಮ್ಮದನ್ನು.

ಖಾತುನಬಿ ತನ್ನ ಬಳಿ ಏನಿದೆ ಎಂದು ಹುಡುಕಿದಳು. ಹೆಗಲ ಮೇಲಿದ್ದ ಮಗ ಬಿಟ್ಟರೆ ಪ್ರೀತಿಯದು ಅಂತ ಏನೂ ಕಾಣಲಿಲ್ಲ. ಆ ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು ಮಗನಿಗೆ ಪ್ರೀತಿಯದು. ನನ್ನ ಮಗನನ್ನು ಉಳಿಸು, ಅವನು ಬದುಕಿರುವತನಕ ಈಚಲ ಬೆಲ್ಲ ಬಾಯಿಗೆ ಹಾಕುವುದಿಲ್ಲ ಎಂದುಬಿಟ್ಟಳು. ದೇವರ ಸೇವೆಯ ಮುಜಾವರ ಕೈಯೆತ್ತಿ ತಡೆಯುವುದರೊಳಗೆ ಮಾತು ಹೊರಬಿದ್ದಿತ್ತು.

ಮರುದಿನ ಜ್ವರ ಬಿಟ್ಟಿತು. ಅದು ತಾನಾಗಿ ಬಿಡುವ ಜ್ವರವೇ ಆಗಿತ್ತೋ ಏನೋ. ಹಾಗೆಂದು ಆ ತಾಯಿಯ ಮುಂದೆ ಹೇಳಿ ಬರುವ ಎದೆಗಾರಿಕೆ ಇದ್ದವರು ಹೇಳಲಿ, ನಮಗಂತೂ ಇಲ್ಲ.

ಹುಡುಗ ಎದ್ದು ಕೂತು ಮೊದಲು ಕೇಳಿದ್ದು ಬೆಲ್ಲ. ಅಜ್ಜ ಅಳುತ್ತ ಕಡಾಯಿಯನ್ನು ಅಟ್ಟಕ್ಕೆ ಏರಿಸಿದ. ಮುಂದೆ ಒಂದು ಸಲ, ಬಂದೇನವಾಜ ದನ ಕಾಯುವಷ್ಟು ದೊಡ್ಡವನಾದಾಗ, ಬಗಲಮನೆಯ ಶೇವಂತೆವ್ವ ತಿಳಿಯದೆ ಒಂದು ತುಂಡು ಹೋಳಿಗೆ ಕೊಟ್ಟಳು. ಅದಕ್ಕೆ ಹಾಕಿದ್ದು ಬೇರೆ ಊರಿನಿಂದ ತರಿಸಿದ ಈಚಲ ಬೆಲ್ಲ. ಹುಡುಗ ಅರ್ಧ ತಿನ್ನುವುದರೊಳಗೆ ಯಾರೋ ಕಂಡು ಕೂಗಿದರು. ಸಂಜೆಯ ಹೊತ್ತಿಗೆ ಅವನು ವಾಂತಿ ಮಾಡಿಕೊಂಡು ಮೈ ಕೆಂಡ ಮಾಡಿಕೊಂಡ. ಹೆದರಿಕೆಗೇ ಆದದ್ದಿರಬಹುದು. ಅವತ್ತಿನಿಂದ ಮಾತ್ರ ಖಾತುನಬಿಯ ಜತೆಗೆ ಇಡೀ ಊರೇ ಅವನ ಬಾಯಿಗೆ ಕಾವಲು ನಿಂತಿತು. ಮದುವೆಯ ಪಂಕ್ತಿಯಲ್ಲಿ ಅವನ ಎಲೆಗೆ ಸಿಹಿ ಬೀಳುವ ಮೊದಲು ಹತ್ತಾರು ಜನ ಯಾವ ಬೆಲ್ಲದ್ದು ಎಂದು ವಿಚಾರಿಸುತ್ತಿದ್ದರು. ಪ್ರೀತಿಯಿಂದಲೇ ವಿಚಾರಿಸುತ್ತಿದ್ದರು, ಅದಕ್ಕೇ ಅವನಿಗೆ ಸಿಟ್ಟು ಮಾಡಲೂ ಬರುತ್ತಿರಲಿಲ್ಲ.

ಕಾಲ ಹೀಗೆ ಹೋಗುತ್ತಿರಲು ಮುಂಬಯಿ ಸರಕಾರ ದಾರೂಬಂದಿ ತಂದಿತು. ಹಳ್ಳದ ಗಿಡಗಳಿಂದ ಸಿಂದಿ ಇಳಿಸುವುದು ನಿಂತಿತು. ಕೆಲವು ದಿನಗಳ ಮೇಲೆ, ಸಿಂದಿ ಬೇಡ, ಗಿಡದ ರಸ ಹುಳಿಯಾಗುವ ಮೊದಲು ಬೆಲ್ಲ ಕಾಯಿಸಿರಿ ಎಂದು ಪರವಾನಗಿ ಬಂತು. ಗಿಡ ಹತ್ತುವುದಕ್ಕೆ ಪರಸಪ್ಪನಿದ್ದ. ಕಾಯಿಸುವ ಕೆಲಸ ಊರಲ್ಲಿ ಬರುತ್ತಿದ್ದದ್ದು ಬಂದೇನವಾಜನ ಅಜ್ಜನೊಬ್ಬನಿಗೆ, ಅಜ್ಜ ತೀರಿಹೋಗಿದ್ದ. ಅವನ ಪಕ್ಕ ಕೂತು ನೋಡಿದ್ದ ಮೊಮ್ಮಗನನ್ನೇ ಜನ ಹಿಡಿದರು. ಖಾತುನಬಿ ಒಲ್ಲೆನೆಂದಳು, ಅತ್ತಳು. ದಸ್ತಗೀರಸಾಬನೂ ಆಗ ಇರಲಿಲ್ಲ, ಮನೆಗೆ ಬೇರೆ ಆಧಾರವಿರಲಿಲ್ಲ. ಅಟ್ಟದ ಕಡಾಯಿ ಕೆಳಗಿಳಿಯಿತು.

ನಸುಕಿನಲ್ಲಿ ಪರಸಪ್ಪ ಸುಣ್ಣ ಬಳಿದ ಗಡಿಗೆಗಳಲ್ಲಿ ರಸ ಇಳಿಸಿ ತರುತ್ತಿದ್ದ. ಬಂದೇನವಾಜ ಅದನ್ನು ಸೋಸಿ ಕಡಾಯಿಗೆ ಸುರಿದು ಜಾಲಿ ಕಟ್ಟಿಗೆಯ ಉರಿ ಹಚ್ಚುತ್ತಿದ್ದ. ನೀರಿನಂತಿದ್ದ ರಸ ಹೊನ್ನಿನ ಬಣ್ಣಕ್ಕೆ ಬಂದು, ಚಹದ ಬಣ್ಣಕ್ಕೆ ತಿರುಗಿ, ಕಡೆಗೆ ಕಪ್ಪಾಗಿ ಗುಳುಗುಳು ಸದ್ದು ಮಾಡುತ್ತಿತ್ತು. ಆಗ ಅವನು ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಎಳೆ ನೋಡಿ, ಕೂಡಲೇ ಬೂದಿ ಹಚ್ಚಿ ಬೆರಳು ತೊಳೆದುಬಿಡುತ್ತಿದ್ದ. ಒಲೆಯ ಆಚೆ ಖಾತುನಬಿ ತಸಬಿಯ ಮಣಿ ಎಣಿಸುತ್ತ ಕೂತಿರುತ್ತಿದ್ದಳು. ಮುದುಕಿ ಬೆಲ್ಲ ಕಾಯುತ್ತಾಳೆಂದು ಹೊರಗಿನವರು ತಿಳಿಯುತ್ತಿದ್ದರು. ಅವಳು ಕಾಯುತ್ತಿದ್ದದ್ದು ಮಗನ ಬಾಯಿಯನ್ನು.

ಹದ ಹೇಗೆ ಬಂದಿದೆ ಎಂದು ನಾಲಿಗೆಯ ಮೇಲಿಟ್ಟು ಹೇಳಲು ಹೆಂಡತಿ ಮುಮ್ತಾಜಳಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಚಲೋ ಐತ್ರಿ ಅಂದು ಸುಮ್ಮನಾಗುತ್ತಿದ್ದಳು. ಗಂಡನ ಕಣ್ಣು ತನ್ನ ತುಟಿಯ ಮೇಲೇ ಇರುವುದನ್ನು ಕಂಡ ಮೇಲೆ, ಪಾಪ, ಮಾತು ಕಲಿತಳು. ಇವತ್ತಿನದು ಸುಟ್ಟ ಕೊಬ್ಬರಿಯ ಹಾಗಿದೆ, ನಿನ್ನೆಯದು ಕಾದ ತುಪ್ಪದ ಹಾಗಿತ್ತು ಎಂದು ಬಿಡಿಸಿ ಹೇಳುವಳು. ಅವನು ತಲೆದೂಗುತ್ತ ಕೇಳುವನು. ಬೆಲ್ಲದ ಮೇಲಿನ ಆಸೆ ಅವನಿಗೆ ಚೆನ್ನಾಗಿ ನೆನಪಿತ್ತು, ರುಚಿ ಮಾತ್ರ ಪೂರ್ತಿ ಮರೆತುಹೋಗಿತ್ತು. ಅದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಯಾರೂ ಇಲ್ಲದಾಗ ಬೆರಳು ಚೀಪಿದ್ದರೆ ಕೇಳುವವರಿರಲಿಲ್ಲ. ಆದರೆ ತಾಯಿ ಹರಕೆ ಬಿಡಿಸದೆ ತಿನ್ನಬಾರದು ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಸಾಯುವುದರೊಳಗೆ ಒಮ್ಮೆ, ಅದೂ ಆಕೆಯ ಕೈಯಿಂದ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಮುಂದೆ ಸೀಮೆ ಮೈಸೂರಿಗೆ ಸೇರಿ, ಆ ಸರಕಾರ ದಾರೂಬಂದಿ ತೆಗೆದ ಮರುವರ್ಷ ಈ ಆಸೆಗೆ ಒಮ್ಮೆಲೇ ಅವಸರ ಬಂತು. ಹಳ್ಳದ ಗಿಡಗಳು ಸಿಂದಿಯ ಗುತ್ತಿಗೆದಾರನ ಪಾಲಾದವು. ಪರಸಪ್ಪ ತಲೆ ಕೆಳಗೆ ಹಾಕಿಕೊಂಡು ಬಂದು, ಮೊಹರಮ್ಮು ಮುಗಿದ ಮೇಲೆ ತಾನು ಗುತ್ತಿಗೆದಾರನ ಗಿಡ ಹತ್ತಬೇಕೆಂದೂ, ಅಲ್ಲಿಯವರೆಗೆ ಬೆಲ್ಲಕ್ಕೆ ರಸ ತರುವೆನೆಂದೂ ಹೇಳಿದ. ಅದೇ ಚಳಿಗಾಲದಲ್ಲಿ ಖಾತುನಬಿ ಹಾಸಿಗೆ ಹಿಡಿದಿದ್ದಳು. ಊಟ ಸೇರುತ್ತಿರಲಿಲ್ಲ, ದಿನದಿನಕ್ಕೆ ಹೊರಸಿಗೆ ಅಂಟುತ್ತಿದ್ದಳು.

ಬಂದೇನವಾಜ ಮುಜಾವರ ಮುರ್ತುಜಾಸಾಬನ ಬಳಿ ಹೋದ. ಹಿಂದೆ ಹರಕೆ ಕೇಳಿಸಿಕೊಂಡ ಮುಜಾವರನ ಮಗ ಈತ, ಹಿರಿಯ, ಸಾವಧಾನದ ಮನುಷ್ಯ. ಕಟ್ಟಿದ ಬಾಯಿಯೇ ಬಿಡಿಸಬೇಕು ಎಂದ. ಹತ್ತನೆಯ ದಿನ ಕುಣಿಯ ಮುಂದೆ ತಾಯಿ ಬಿಡಿಸಿದೆ ಎಂದು ನುಡಿದು, ಮಗನ ಬಾಯಿಗೆ ತನ್ನ ಕೈಯಿಂದ ಬೆಲ್ಲ ಇಡಬೇಕು. ಆಕೆ ಬಿಡಿಸದೆ ಕಣ್ಣು ಮುಚ್ಚಿದರೆ ಹರಕೆ ಹಾಗೇ ಉಳಿಯಿತು, ಮತ್ತೆ ಯಾರಿಂದಲೂ ಆಗದು.

ಮನೆಗೆ ಬಂದು ಹೊರಸಿನ ಪಕ್ಕ ಕೂತು ಬಂದೇನವಾಜ ಇದನ್ನೆಲ್ಲ ಹೇಳಿದ. ಖಾತುನಬಿ ಕೇಳಿಸಿಕೊಂಡು ಗೋಡೆಯ ಕಡೆ ಮುಖ ಹೊರಳಿಸಿದಳು. ಮತ್ತೆ ಹೇಳಿದ. ತಾನಿರುವತನಕ ಆ ಮಾತು ಎತ್ತಬೇಡ ಎಂದಳು. ನೀನು ಹೋದ ಮೇಲೆ ಎತ್ತಿ ಏನು ಉಪಯೋಗ ಎಂದು ಅವನು ಕೇಳಿದ. ಹೀಗೇ ಹಲವು ದಿನ ನಡೆಯಿತು. ಅವನು ಕೇಳುವುದು, ಆಕೆ ಗೋಡೆ ನೋಡುವುದು. ತಲೆಗೂದಲು ಬೆಳ್ಳಗಾಗುತ್ತ ಬಂದ ಗಂಡಸು ಒಂದು ತುಂಡು ಬೆಲ್ಲಕ್ಕೆ ಹೀಗೆ ಹಟ ಹಿಡಿದನಲ್ಲ ಎಂದು ನಗುವವರು ನಗಬಹುದು. ಬಾಯಿ ಕಟ್ಟಿಸಿಕೊಂಡು ಬದುಕಿ ನೋಡದವರ ನಗು ಅದು.

ಒಂದು ಮಧ್ಯಾಹ್ನ ಅವನ ತಾಳ್ಮೆ ತಪ್ಪಿತು.

"ಹರಕಿ ಹೊರೂದಿದ್ರ ನಿಂದೇನರ ಬಿಡಬೇಕಿತ್ತವ್ವಾ," ಎಂದ. "ನೀ ನನ್ನ ಬಾಯಾಂದು ಕಸಗೊಂಡು ಕೊಟ್ಟಿ."

ಖಾತುನಬಿ ಅಳಲಿಲ್ಲ, ಬೈಯಲಿಲ್ಲ. ಕಣ್ಣು ತೆರೆದುಕೊಂಡು ಮಲಗಿದ್ದಳು. ಅವನು ಎದ್ದು ಹಳ್ಳಕ್ಕೆ ಹೋಗಿ, ಮಾಡುವ ಕೆಲಸವಿಲ್ಲದಿದ್ದರೂ ಖಾಲಿ ಗಡಿಗೆಗಳನ್ನು ತೊಳೆಯುತ್ತ ಕೂತ. ಇಡೀ ಜನ್ಮ ತನಗಾಗಿ ಬಾಳಿದ ಹೆಂಗಸಿಗೆ ಇಂಥ ಮಾತು ಆಡಿದೆನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆಡಿದ್ದು ಸುಳ್ಳಲ್ಲ ಎಂದೂ ಅನಿಸುತ್ತಿತ್ತು.

ಆ ದಿನದಿಂದ ಖಾತುನಬಿ ಗಂಜಿಯನ್ನೂ ಬಿಟ್ಟಳು. ಏನಾದರೂ ಒಂದು ಗುಟುಕು ಒಳಗೆ ಹೋಗಲಿ ಎಂದು ಮುಮ್ತಾಜ ಈಚಲ ಬೆಲ್ಲವನ್ನು ಬಿಸಿನೀರಲ್ಲಿ ಕದಡಿ ಚಮಚೆಯಲ್ಲಿ ಹಿಡಿದಳು. ಊರಿನ ಮುದುಕಿಯರೆಲ್ಲ ಕಡೆಗಾಲದಲ್ಲಿ ಬೇಡಿ ಕುಡಿಯುವಂಥದ್ದು ಅದು. ಖಾತುನಬಿ ತುಟಿ ಬಿಗಿದಳು. ಸೊಸೆ ಒತ್ತಾಯ ಮಾಡಿದಾಗ, ಕೂಸು ತಿನ್ನಲಾರದ್ದನ್ನು ತಾನು ಹೇಗೆ ತಿನ್ನಲಿ ಎಂದಳು. ಮುಮ್ತಾಜಳಿಗೆ ಆಗ ಹೊಳೆಯಿತು: ತಾನು ಈ ಮನೆಗೆ ಬಂದಾಗಿನಿಂದ ಅತ್ತೆ ಈ ಬೆಲ್ಲ ಬಾಯಿಗೆ ಹಾಕಿದ್ದನ್ನು ನೋಡಿಯೇ ಇಲ್ಲ. ಅವಳಿಗೆ ಸಿಹಿ ಸೇರದು ಎಂದೇ ಎಲ್ಲರೂ ತಿಳಿದಿದ್ದರು. ಕೇಳಿದರೆ, ಸೇರದೇನು, ಹುಡುಗಿಯಾಗಿದ್ದಾಗ ಕದ್ದು ತಿಂದು ಏಟು ತಿಂದವಳು ನಾನು ಎಂದಳಂತೆ. ಮಗನಿಗೆ ಬೆಲ್ಲದ ಹುಚ್ಚು ಬಂದದ್ದೇ ತನ್ನ ಹೊಟ್ಟೆಯಿಂದ ಎಂದಳಂತೆ.

ಮುಮ್ತಾಜ ಒಲೆಯ ಬಳಿ ಬಂದು ಇದನ್ನು ಗಂಡನಿಗೆ ಹೇಳಿದಳು. ಬಂದೇನವಾಜ ಸೌಟು ಕೆಳಗಿಟ್ಟ. ತಾಯಿಯೂ ಬಿಟ್ಟಿದ್ದಳು. ಹರಕೆ ಎಂದು ಹೇಳಿಕೊಳ್ಳದೆ, ಯಾರ ಲೆಕ್ಕಕ್ಕೂ ಬಾರದೆ ಬಿಟ್ಟಿದ್ದಳು. ಅವನು ಒಳಗೆ ಹೋಗಿ ಆಕೆಯ ಕಾಲ ಬಳಿ ಕೂತು ಅತ್ತ. ಇನ್ನು ಹರಕೆಯ ಮಾತು ಎತ್ತುವುದಿಲ್ಲ ಎಂದ. ಖಾತುನಬಿ ಅವನ ತಲೆಯ ಮೇಲೆ ಕೈಯಿಟ್ಟು, ಹತ್ತನೇ ದಿನ ತನ್ನನ್ನು ಕುಣಿಗೆ ಒಯ್ಯಿರಿ, ಬಿಡಿಸುತ್ತೇನೆ ಎಂದಳು.

ಹತ್ತನೆಯ ದಿನದ ನಸುಕಿನಲ್ಲಿ ಪರಸಪ್ಪ ಕಡೆಯ ಗಡಿಗೆಗಳನ್ನು ಇಳಿಸಿದ. ಆ ದಿನದ ಬೆಲ್ಲವನ್ನು ಬಂದೇನವಾಜ ಹಿಂದೆಂದೂ ಕಾಯಿಸದಷ್ಟು ನಿಧಾನ ಕಾಯಿಸಿದ. ಹದ ಹೇಗಿದೆ ಎಂದು ಹೆಂಡತಿಯನ್ನು ಕೇಳಲಿಲ್ಲ, ತಾನೇ ನೋಡುವವನಿದ್ದನಲ್ಲ. ಎಳೆ ನೋಡಿದ ಬೆರಳನ್ನು ಅಭ್ಯಾಸದಂತೆ ಬೂದಿ ಹಚ್ಚಿ ತೊಳೆದ.

ಮಧ್ಯಾಹ್ನ ಪರಸಪ್ಪನೂ ಅವನೂ ಖಾತುನಬಿ ಮಲಗಿದ್ದ ಹೊರಸು ಹೊತ್ತು ತಂದು ಕುಣಿಯ ಅಂಚಿಗೆ ಇಳಿಸಿದರು. ಬೆಂಕಿ ಆರಿ ಬೂದಿ ಬೆಚ್ಚಗಿತ್ತು. ದೇವರ ಪಂಜಾಗಳು ಹೂವು ಏರಿಸಿಕೊಂಡು ಹೊಳೆಗೆ ಹೊರಡಲು ನಿಂತಿದ್ದವು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದರು. ಊರು ಸುತ್ತ ನೆರೆದಿತ್ತು. ಈ ಮನುಷ್ಯನ ಬಾಯಿಯನ್ನು ಇಷ್ಟು ವರ್ಷ ಕಾದ ಊರಿಗೆ ಅವನು ತಿನ್ನುವುದನ್ನು ನೋಡುವ ಹಕ್ಕೂ ಇತ್ತೆನ್ನಿ.

ಮುಮ್ತಾಜ ಅತ್ತೆಯನ್ನು ತನ್ನ ಎದೆಗೆ ಆನಿಸಿ ಕೂರಿಸಿದಳು. ಮುರ್ತುಜಾಸಾಬ ಬೆಲ್ಲದ ತುಂಡನ್ನು ಆಕೆಯ ಕೈಗೆ ಕೊಟ್ಟ. ಬಂದೇನವಾಜ ಮಂಡಿಯೂರಿ ಕೂತು ಬಾಯಿ ತೆರೆದ. ಬೆಲ್ಲ ಅವನ ತುಟಿಯ ಹತ್ತಿರ ಬಂತು. ಹೊಗೆಯ ವಾಸನೆ ಮೂಗಿಗೆ ಅಡರಿತು. ಅಲ್ಲಿಗೆ ಬಂದ ಕೈ ಅಲ್ಲೇ ನಿಂತಿತು.

ಬಿಡಿಸಿದೆ ಎಂದು ನುಡಿಯಮ್ಮ ಎಂದು ಮುರ್ತುಜಾಸಾಬ ಮೆಲ್ಲಗೆ ನೆನಪಿಸಿದ. ಆಕೆ ಮಗನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಇದ್ದದ್ದು ಬರೀ ಭಯ. ಹೆಗಲ ಮೇಲೆ ಕೆಂಡದಂಥ ಕೂಸನ್ನು ಹಾಕಿಕೊಂಡು ಇದೇ ಕುಣಿಗೆ ಓಡಿ ಬಂದ ಹೆಂಗಸು ಇನ್ನೂ ಅಲ್ಲೇ ನಿಂತಿದ್ದಳು.

"ನಾ ಇರೂತನಕ ನಿನ್ನ ಕಾದೆ," ಎಂದಳು ಖಾತುನಬಿ. "ನಾ ಹ್ವಾದ ಮ್ಯಾಲ ಯಾರು ಕಾಯ್ತಾರೋ ನನ್ನಪ್ಪಾ?"

ಬಂದೇನವಾಜನಿಗೆ ಆಗ ಎಲ್ಲ ತಿಳಿಯಿತು. ಈಕೆ ಬಿಡಿಸಿದರೆ ಬಿಡಿಸಿಯಾಳು. ಆದರೆ ಉಳಿದ ನಾಲ್ಕು ದಿನವೂ ಮಗನಿಗೆ ಏನಾದೀತೋ ಎಂದು ಕೊರಗಿ, ಆ ಕೊರಗಿನಲ್ಲೇ ಕಣ್ಣು ಮುಚ್ಚುತ್ತಾಳೆ. ಅವತ್ತಿನ ಅವನ ಮಾತಿನ ಏಟಿಗೆ ಆಕೆ ಇಲ್ಲಿಯತನಕ ಬಂದಿದ್ದಳು, ಧೈರ್ಯ ಬಂದು ಬಂದಿರಲಿಲ್ಲ. ಬೆಲ್ಲ ತುಟಿಯಿಂದ ಒಂದು ಬೆರಳು ದೂರವಿತ್ತು. ಮುಖ ತುಸು ಮುಂದೆ ಚಾಚಿದರೆ ಆಯಿತು. ಅವನು ಚಾಚಲಿಲ್ಲ. ತೆರೆದ ಬಾಯಿ ಮುಚ್ಚಿ, ಮುರ್ತುಜಾಸಾಬನ ಕಡೆ ತಿರುಗಿ, ತಾಯಿ ಹೊತ್ತ ಹರಕೆಯನ್ನು ಮಗ ತನ್ನ ಮೇಲೆ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದ.

ಮುರ್ತುಜಾಸಾಬ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಬರ್ತೇತಿ," ಎಂದ. "ನಿಮ್ಮವ್ವ ಬಿಡುಗಡಿ ಆಗ್ತಾಳ. ಆದರ ಮುಂದ ನಿನಗ ಬಿಡಸವ್ರು ಯಾರೂ ಇರಂಗಿಲ್ಲ. ವಿಚಾರ ಮಾಡಿ ಮಾತಾಡು."

"ಮಾಡೇನ್ರಿ," ಎಂದ ಬಂದೇನವಾಜ.

ಅವನು ಕುಣಿಯಿಂದ ಬೆಚ್ಚಗಿನ ಬೂದಿ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡ. ಎಲ್ಲರಿಗೂ ಕೇಳುವಂತೆ, ಈ ಹರಕೆ ಇವತ್ತಿನಿಂದ ತನ್ನದು, ತನ್ನ ತಾಯಿಯದಲ್ಲ ಎಂದ. ಬದುಕಿರುವತನಕ ಈಚಲ ಬೆಲ್ಲ ಬಾಯಿಗೆ ಹಾಕುವುದಿಲ್ಲ ಎಂದ. ಇನ್ನು ಮುಂದೆ ತನ್ನ ಬಾಯಿಯನ್ನು ತಾನೇ ಕಾಯುವೆನು ಎಂದ. ಪರಸಪ್ಪ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮುಮ್ತಾಜಳ ಕಣ್ಣೀರು ಅತ್ತೆಯ ತಲೆಯ ಮೇಲೆ ಬಿದ್ದಿತು.

ಖಾತುನಬಿಗೆ ನಡೆದದ್ದು ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಹಿಡಿದಿಟ್ಟ ಉಸಿರು ಬಿಟ್ಟಳು. ಇಷ್ಟು ವರ್ಷ ಬಿಗಿದೇ ಇದ್ದ ಅವಳ ಹುಬ್ಬು ಸಡಿಲಾದದ್ದನ್ನು ಹತ್ತಿರ ನಿಂತವರೆಲ್ಲ ಕಂಡರು. ಬಂದೇನವಾಜ ಬೆಲ್ಲ ಹಿಡಿದ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅವಳದೇ ಬಾಯಿಯ ಕಡೆಗೆ ತಿರುಗಿಸಿದ.

"ಇನ್ನ ನಿನಗ ಅಡ್ಡಿಲ್ಲ," ಎಂದ. "ತಿನ್ನವ್ವಾ."

ಮುದುಕಿ ಒಮ್ಮೆ ಮಗನನ್ನು ನೋಡಿದಳು, ಒಮ್ಮೆ ಬೆಲ್ಲವನ್ನು ನೋಡಿದಳು. ನಾಚಿಕೊಂಡಳು. ಆಮೇಲೆ ಬಾಯಿ ತೆರೆದಳು. ಹಲ್ಲಿಲ್ಲದ ಬಾಯಲ್ಲಿ ಬೆಲ್ಲ ನಿಧಾನವಾಗಿ ಕರಗಿತು. ಕದ್ದು ತಿಂದ ಹುಡುಗಿಯ ಹಾಗೆ ಕಣ್ಣು ಅರೆಮುಚ್ಚಿ ಚೀಪಿದಳು, ನುಂಗಿದಳು, ಇನ್ನೊಂದು ತುಂಡಿಗೆ ಕೈ ಚಾಚಿದಳು. ಕಪ್ಪು ರಸ ತುಟಿಯ ಅಂಚಿನಿಂದ ಗದ್ದಕ್ಕೆ ಇಳಿಯುತ್ತಿತ್ತು. ಬಂದೇನವಾಜನ ಬಾಯಲ್ಲಿ ನೀರೂರಿತು. ಅದನ್ನು ನುಂಗಿಕೊಂಡು, ತನ್ನ ಅಂಗಿಯ ಚುಂಗಿನಿಂದ ಅವನು ತಾಯಿಯ ಬಾಯಿ ಒರೆಸಿದ.